ಒಪ್ಪಿಗೆ ಪತ್ರದ ಎರಡನೇ ಸಾಲು

ಏಪ್ರಿಲ್ 4, ಸಂಜೆ 7
ಲ್ಯಾಬ್‌ನಲ್ಲಿ ಬೆಳಗಿನಿಂದ ನಲವತ್ತು ಜನರ ರಕ್ತ ತೆಗೆದೆ. ಮನೆಗೆ ಬಂದರೆ ನನ್ನದು ಹೀರಲು ಅತ್ತೆ ಸೋಫಾದ ಮೇಲೆ ಕಾದಿದ್ದರು. ಪಕ್ಕದಲ್ಲಿ ಮಾವ, ಎಂದಿನಂತೆ ಬಾಯಿಗೆ ಬೀಗ. ಹಳೇ ರಾಗವೇ — ರಜೆಗೆ ನನ್ನ ಚಿನಕುರಳಿ ಮಗಳನ್ನು ವಿದೇಶಕ್ಕೆ, ನಾದಿನಿಯ ಮನೆಗೆ ಕರೆದುಕೊಂಡು ಹೋಗಬೇಕಂತೆ. ಮೂರು ವಾರ. ಅವಳೂ ಕುಣಿಯುತ್ತಿದ್ದಾಳೆ. ಅಜ್ಜ ಅಜ್ಜಿ ಜೊತೆ ಮಗು ಹೋಗಬೇಕಾದರೆ ಅಪ್ಪ ಅಮ್ಮನ ಒಪ್ಪಿಗೆ ಪತ್ರ ಬೇಕು, ನೋಟರಿ ಮುದ್ರೆ ಸಮೇತ. ಗಂಡ ತೀರಿಕೊಂಡು ಎರಡು ವರ್ಷ. ಸಹಿ ನನ್ನೊಬ್ಬಳದೇ. ಅತ್ತೆಗೆ ಅದೇ ಉರಿ.

ಪತ್ರ ತನ್ನಿ, ನೋಡೋಣ ಅಂದೆ. ನೋಡೋಣ ಅಂದದ್ದಕ್ಕೇ ಮುಖ ಗಂಟಾಯಿತು.

ಏಪ್ರಿಲ್ 9
ಅತ್ತೆ ಬರೆದ ಪತ್ರ ವಾಪಸ್ ಕಳಿಸಿದೆ. ಹಿಂತಿರುಗುವ ತಾರೀಖೇ ಇಲ್ಲ. ಫೋನಿನಲ್ಲಿ ಹಾರಾಡಿದರು — "ನಾವೇನು ಮಕ್ಕಳ ಕಳ್ಳರಾ?" ತಾರೀಖು ಹಾಕಿ ಕಳಿಸಿ ಅಂದೆ. ಅದೇ ಉತ್ತರ ಅಂತ ತಿಳಿದುಕೊಳ್ಳಲಿ.

ಮಾವನೇ ಬರೆಯಲಿ ಅಂದೆ. ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಪ್ರೂಫ್ ನೋಡಿದವರು. ಒಂದು ಕೊಂಬು ತಪ್ಪಿದೆ ಅಂತ ನಮ್ಮ ಮದುವೆ ಕಾರ್ಡನ್ನೆಲ್ಲ ಮತ್ತೆ ಪ್ರಿಂಟ್ ಮಾಡಿಸಿದ್ದರು. ಆ ಮನೆಯಲ್ಲಿ ನಂಬಬಹುದಾದವರು ಅವರೊಬ್ಬರೇ.

ಏಪ್ರಿಲ್ 21, ಮಧ್ಯಾಹ್ನ 2
ಅತ್ತೆ ಮಾವನ ಜೊತೆ ನೋಟರಿ ಆಫೀಸಿಗೆ ಹೋಗಿ ಬಂದೆ. ಚಪ್ಪಲಿ ಕೂಡ ಬಿಚ್ಚದೆ ಬರೆಯುತ್ತಿದ್ದೇನೆ...

ಮಾವನ ಪತ್ರ ಎಷ್ಟು ಚೊಕ್ಕ — ಹೋಗುವ ತಾರೀಖು, ಬರುವ ತಾರೀಖು, ಪಾಸ್‌ಪೋರ್ಟ್ ನಂಬರ್. ಪೆನ್ನು ತೆಗೆದೆ. ಸಹಿಗೆ ಮೊದಲು ಓದಿ ಹೇಳಬೇಕಂತೆ, ನೋಟರಿ ಆಕಳಿಸುತ್ತ ಓದಿದರು. ಎರಡನೇ ಸಾಲು: "ವಿದೇಶ ವಾಸಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ."

ಪ್ರವಾಸಕ್ಕೆ ಅಲ್ಲವಾ ಅಂದೆ. ಪತ್ರ ಕಿತ್ತುಕೊಂಡು ನೋಡಿದೆ. ‘ಪ್ರ’ ಇಲ್ಲ. ಬರುವ ತಾರೀಖೂ ಅಜ್ಜ ಅಜ್ಜಿಯದು ಮಾತ್ರ. ಮಗು ಬರುವ ಸುದ್ದಿಯೇ ಇಲ್ಲ.

ಅತ್ತೆಯ ಕಡೆ ತಿರುಗಿದೆ, ನುಂಗುವ ಹಾಗೆ. ಆಕೆ ಮಾವನನ್ನು ನೋಡುತ್ತಿದ್ದರು. "ಟೈಪಿಂಗ್ ಮಿಸ್ಟೇಕಾ, ರೀ?" ಅಂದರು. ಆಕೆಗೂ ಗೊತ್ತಿಲ್ಲ.

ಮಾವ ಕನ್ನಡಕ ಒರೆಸಿದರು. "ನನ್ನ ಕಣ್ಣು ತಪ್ಪಿಸಿ ಅಕ್ಷರ ಬಿದ್ದುಹೋಗುತ್ತಾ?" ಆಮೇಲೆ ನನಗೆ: "ಮಗನ ಗುರುತು ಅಂತ ನಮಗೆ ಉಳಿದಿರೋದು ಅವಳೇ ಕಣಮ್ಮ. ನೀನಿನ್ನೂ ಚಿಕ್ಕವಳು, ಇನ್ನೊಂದು ಮದುವೆ ಆಗ್ತೀಯ."

ಸಹಿ ಹಾಕದೆ ಎದ್ದು ಬಂದೆ. ಎರಡು ವರ್ಷದ ಸಿಟ್ಟೆಲ್ಲ ತಪ್ಪಾಗಿ ಅತ್ತೆಯ ಮೇಲೆ ಸುರಿದಿದ್ದೆ.

ಮೇ 6
ಅಂಚೆಯಲ್ಲಿ ಅತ್ತೆಯ ಪತ್ರ. ಕೈಬರಹ, ಸಾಲು ಸೊಟ್ಟ. ಮಗುವಿನ ಜೊತೆ ಹೋಗುವುದು ಆಕೆಯೊಬ್ಬರೇ, ಮಾವನ ಹೆಸರೇ ಇಲ್ಲ. ಮಗು ಬರುವ ತಾರೀಖು ಮೂರು ಕಡೆ. ‘ಪ್ರವಾಸ’ದ ಕೆಳಗೆ ಎರಡು ಗೆರೆ, ಕಾಗದ ಹರಿಯುವ ಹಾಗೆ. ಚೀಟಿಯೊಂದು — "ನಿಮ್ಮ ಮಾವನಿಗೆ ತೋರಿಸಿಲ್ಲ."

ಪ್ರೀತಿಯೇನೂ ಉಕ್ಕಲಿಲ್ಲ. ಈಗಲೂ ಆಕೆಯನ್ನು ಕಂಡರೆ ನನಗಾಗದು. ಪತ್ರದ ತುಂಬ ತಪ್ಪು. ‘ಒಪಿಗೆ’ ಅಂತ ಬರೆದಿದ್ದಾರೆ, ಒತ್ತೇ ಇಲ್ಲ. ಪೆನ್ನು ತೆಗೆದೆ. ಅದೊಂದು ತಿದ್ದಿದೆ. ನಾಳೆ ನೋಟರಿ ಎದುರು ಸಹಿ.