ಚುಕ್ಕೆಯಿಲ್ಲದ ರಸ್ತೆ

ಮನೆಯಿಂದ
ಜೂನ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಂಡಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಬೆಳಗಿನಿಂದ ಸಂಜೆತನಕ ಬೈಕಿನ ಮೇಲೆ ಕೂತು ರಕ್ತದ ಮಾದರಿಗಳನ್ನು ಕ್ಲಿನಿಕ್ಕುಗಳಿಂದ ಲ್ಯಾಬಿಗೆ ಸಾಗಿಸುವವನಿಗೆ ಬೆನ್ನು ನೋಯದೆ ಇನ್ನೇನಾಗುತ್ತದೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಫೋಟೋದಲ್ಲಿ ಕೊಕ್ಕರೆಯ ಹಾಗೆ ಕಾಣುತ್ತೀಯ. ನಿನ್ನನ್ನು ಗುಂಡ ಎಂದು ಕರೆಯಲು ನನಗೇ ನಾಚಿಕೆ. ಅಮ್ಮ ಆರಾಮಾಗಿದ್ದಾಳೆ. ಈಗ ಬರೆಯುವುದನ್ನು ಫೋನಿನಲ್ಲಿ ಹೇಳಲು ಹೋದರೆ ನಕ್ಕು ತೇಲಿಸಿಬಿಡುತ್ತೀಯ, ಅದಕ್ಕೇ ಕಾಗದ.

ನೀನಿರುವ ಊರಿನ ಅಪಘಾತದ ನಕ್ಷೆ ಕಳಿಸು ಎಂದಿದ್ದೆಯಲ್ಲ. “ಚುಕ್ಕೆ ಇದ್ದ ಕಡೆ ನಿಧಾನಕ್ಕೆ ಹೋಗ್ತೀನಿ ಅಕ್ಕಾ, ಇಲ್ಲದ ಕಡೆ ಆರಾಮಾಗಿ ಓಡಿಸ್ತೀನಿ.” ತಮಾಷೆಗೇ ಹೇಳಿದ್ದಿರಬಹುದು. ನನಗೆ ಮಾತ್ರ ನಗು ಬರಲಿಲ್ಲ.

ನನ್ನ ಕೆಲಸವನ್ನು ನಾನೇ ಹೀಗಳೆಯುತ್ತಿಲ್ಲ. ರಸ್ತೆ ಸುರಕ್ಷತೆಯ ಆಫೀಸಿನಲ್ಲಿ ಕೂತು, ಬೈಕಿನಿಂದ ಬಿದ್ದು ಸತ್ತ ಒಬ್ಬೊಬ್ಬರಿಗೂ ನಕ್ಷೆಯಲ್ಲಿ ಒಂದು ಕೆಂಪು ಚುಕ್ಕೆ ಇಡುವವಳು ನಾನು. ಬಣ್ಣದ ಕಾರ್ಖಾನೆಯ ತಿರುವಿನಲ್ಲಿ ಚುಕ್ಕೆಗಳು ಇರುವೆ ಮುತ್ತಿದ ಹಾಗೆ ಕೂಡಿಕೊಂಡಿದ್ದವು. ಹೋಗಿ ನೋಡಿದರೆ ಮರದ ಕೊಂಬೆ ಬೀದಿದೀಪವನ್ನು ಪೂರ್ತಿ ಮುಚ್ಚಿತ್ತು. ಲಾರಿಗಳಿಂದ ಉದುರಿದ ಜಲ್ಲಿ ರಸ್ತೆಯ ತುಂಬ. ಕೊಂಬೆ ಕಡಿಸಿ, ರಸ್ತೆ ಗುಡಿಸುವ ಏರ್ಪಾಡು ಮಾಡಿಸಿದ ಮೇಲೆ ಅಲ್ಲಿ ನಾನು ಹೊಸ ಚುಕ್ಕೆ ಇಟ್ಟಿಲ್ಲ. ಯಾರೋ ಸಂಜೆ ಸುಖವಾಗಿ ಮನೆ ಸೇರುತ್ತಿದ್ದಾರೆ, ತಾವು ಉಳಿದೆವೆಂಬುದು ಅವರಿಗೇ ಗೊತ್ತಿಲ್ಲ. ಅಷ್ಟರ ಮಟ್ಟಿಗೆ ನಕ್ಷೆ ದೊಡ್ಡದೇ.

ಆದರೆ ಹೋದ ತಿಂಗಳು ಒಬ್ಬ ಹೆಂಗಸು ಆಫೀಸಿಗೆ ಬಂದರು. ಬ್ಯಾಂಕಿನಲ್ಲಿ ಕೆಲಸವಂತೆ, ಬಲಗೈ ಇನ್ನೂ ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿತ್ತು. ಪೇಪರಿನಲ್ಲಿ ಅಚ್ಚಾದ ನಮ್ಮ ನಕ್ಷೆಯನ್ನು ಮೇಜಿನ ಮೇಲೆ ಬಿಡಿಸಿಟ್ಟು, ನಾಲ್ಕು ರಸ್ತೆ ಕೂಡುವ ದೊಡ್ಡ ವೃತ್ತದ ಮೇಲಿದ್ದ ಚುಕ್ಕೆಗಳ ಗುಂಪಿನ ಮೇಲೆ ಬೆರಳಿಟ್ಟರು. “ಇದರಲ್ಲಿ ನಮ್ಮ ಯಜಮಾನರು ಯಾವುದು?” ಹುಡುಕಿ ತೋರಿಸಿದೆ. “ಅವರು ಇಲ್ಲಿ ಬೀಳಲಿಲ್ಲಮ್ಮಾ. ವೃತ್ತ ದಾಟಿ ಎಷ್ಟೋ ಮುಂದೆ, ಟೈರಿನ ಗೋದಾಮಿನ ಎದುರು. ನಾನು ಅವರ ಹಿಂದೇನೇ ಕೂತಿದ್ದೆ.”

ಪೊಲೀಸರ ವರದಿ ತೆಗೆದು ನೋಡಿದೆ. ‘ದೊಡ್ಡ ವೃತ್ತದ ಹತ್ತಿರ’ ಎಂದಷ್ಟೇ ಇತ್ತು. ಯಾರಿಗೆ ಹೇಳಿದರೂ ತಿಳಿಯುವ ಗುರುತು ಅದೊಂದೇ, ಬರೆದವರು ಅದನ್ನೇ ಬರೆದಿದ್ದರು. ನಾವು ಆ ‘ಹತ್ತಿರ’ವನ್ನೇ ನಂಬಿ ವೃತ್ತಕ್ಕೆ ಉಬ್ಬು ಹಾಕಿಸಿದ್ದೆವು, ದೀಪ ಹಾಕಿಸಿದ್ದೆವು, ಆದರೂ ಅಲ್ಲಿ ಜನ ಸಾಯುವುದು ನಿಲ್ಲುತ್ತಿಲ್ಲವಲ್ಲ ಎಂದು ತಲೆ ಕೆರೆದುಕೊಳ್ಳುತ್ತಿದ್ದೆವು.

ಮರುದಿನ ನಾನು, ನಮ್ಮ ಮೇಲಧಿಕಾರಿ, ಆಕೆ ಮೂವರೂ ಗೋದಾಮಿನ ಎದುರು ಹೋಗಿ ನಿಂತೆವು. ಆಗಷ್ಟೇ ನಾಲ್ಕು ಹನಿ ಬಿದ್ದು ನಿಂತಿತ್ತು. ಪೈಪಿಗೆಂದು ಅಗೆದ ಗುಂಡಿಯ ಮೇಲೆ ಹಾಸಿದ ಕಬ್ಬಿಣದ ಪ್ಲೇಟು, ಚಕ್ರಗಳು ಉಜ್ಜಿ ಉಜ್ಜಿ ಕನ್ನಡಿಯಾಗಿತ್ತು. ನಾವು ನೋಡುತ್ತಿದ್ದ ಹಾಗೇ ಒಬ್ಬ ಬೈಕಿನವನ ಹಿಂದಿನ ಚಕ್ರ ಅದರ ಮೇಲೆ ಸರ್ರನೆ ಜಾರಿತು. ಆಕೆ ಎಡಗೈಯಲ್ಲಿ ನನ್ನ ತೋಳು ಹಿಡಿದರು. ಉಗುರು ಇಳಿದ ಗುರುತು ಸಂಜೆಯವರೆಗೂ ಇತ್ತು. ಅವನು ಕಾಲೂರಿ ಸಾವರಿಸಿಕೊಂಡು, ಹಿಂತಿರುಗಿಯೂ ನೋಡದೆ ಹೋದ. ಅವನು ಬದುಕಿದ, ಹಾಗಾಗಿ ನಕ್ಷೆಗೆ ಅವನ ಸುದ್ದಿಯೇ ಇಲ್ಲ. ಹೀಗೆ ದಿನಾ ಎಷ್ಟು ಮಂದಿಯೋ. ಒಬ್ಬರು ಸಾಯುವ ತನಕ ನಮ್ಮ ನಕ್ಷೆಗೆ ಬಾಯಿಯೇ ಬರುವುದಿಲ್ಲ ಗುಂಡಾ.

ಮೇಲಧಿಕಾರಿ ಅಲ್ಲಿಂದಲೇ ಫೋನು ಮಾಡಿ ಕೂಗಾಡಿದರು. ವಾರದೊಳಗೆ ಪ್ಲೇಟು ಹೋಗಿ ಗುಂಡಿ ಮುಚ್ಚಿತು. ಆಕೆ ಮತ್ತೆ ಬಂದು ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ನಾನು ಚುಕ್ಕೆಯನ್ನು ವೃತ್ತದಿಂದ ಮೆಲ್ಲಗೆ ಸರಿಸುತ್ತಾ ಹೋದೆ. “ಸಾಕು, ಅಲ್ಲೇ,” ಎಂದರು. “ಅಲ್ಲೇ ಅವರು ಗಟ್ಟಿಯಾಗಿ ಹಿಡ್ಕೋ ಅಂದಿದ್ದು.”

ಉಳಿದ ಚುಕ್ಕೆಗಳನ್ನೂ ಮನೆಮನೆಗೆ ಹೋಗಿ ಕೇಳಿ ಸರಿಪಡಿಸುತ್ತಿದ್ದೇವೆ. ಎಷ್ಟೋ ಜನರ ಹಿಂದೆ ಯಾರೂ ಕೂತಿರಲಿಲ್ಲ. ಅಂದಿನಿಂದ ಬೀದಿಯಲ್ಲಿ ಬೈಕು ಬ್ರೇಕು ಹಾಕಿದ ಸದ್ದಾದರೆ ಕೈಯಲ್ಲಿದ್ದ ಲೋಟ ಕೆಳಗಿಟ್ಟು ಕಿವಿಗೊಡುತ್ತೇನೆ. ಅಮ್ಮ ಬೈಯುತ್ತಾಳೆ.

ನಿನ್ನ ಊರಿನ ನಕ್ಷೆಯನ್ನೂ ತರಿಸಿ ನೋಡಿದೆ. ನೀನು ದಿನಾ ಹೋಗುವ ಕಾಲುವೆ ರಸ್ತೆಯ ಉದ್ದಕ್ಕೂ ಒಂದೇ ಒಂದು ಚುಕ್ಕೆಯಿಲ್ಲ. ಮೊದಲಾಗಿದ್ದರೆ ಖುಷಿಪಡುತ್ತಿದ್ದೆ. ಈಗ ಆ ಖಾಲಿ ಜಾಗವನ್ನೇ ನಂಬಲಾಗಲಿಲ್ಲ. ಅಲ್ಲಿ ಈ ಕೆಲಸ ಮಾಡುವವರನ್ನು ವಿಚಾರಿಸಿದ್ದೇನೆ, ಇನ್ನೂ ಉತ್ತರವಿಲ್ಲ.

ನಿನ್ನ ಹೆಂಡತಿಯನ್ನು ಕೇಳಿದೆನೆಂದು ಹೇಳು. ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೋ. ತಲೆಯ ಮೇಲೆ ಸುಮ್ಮನೆ ಹೊರುವುದಕ್ಕೆ ಅದೇನು ತರಕಾರಿ ಬುಟ್ಟಿಯಲ್ಲ. ಅಮ್ಮನ ಆಶೀರ್ವಾದ, ಅದರ ಮೇಲೆ ನನ್ನದೂ ಒಂದು ಹಿಡಿ.

ನಿನ್ನ
ಅಕ್ಕ

ಸೋಮವಾರ ಬೆಳಿಗ್ಗೆ, ಆಫೀಸಿನಿಂದ, ಅವಸರದಲ್ಲಿ: ಆಫೀಸಿಗೆ ಬರುತ್ತಲೇ ನಿನ್ನ ಊರಿನ ನಕ್ಷೆಯವರಿಂದ ಫೋನು ಬಂತು. ಕಾಲುವೆ ರಸ್ತೆಯ ಪೊಲೀಸ್ ಠಾಣೆಯಿಂದ ಇದುವರೆಗೆ ಒಂದು ವರದಿಯೂ ಅವರಿಗೆ ಬಂದಿಲ್ಲವಂತೆ. “ಖಾಲಿ ಅಂದ್ರೆ ನಮಗೆ ಗೊತ್ತಿಲ್ಲ ಅಂತ ಮೇಡಂ, ಯಾರೂ ಸತ್ತಿಲ್ಲ ಅಂತಲ್ಲ,” ಎಂದರು. ಆ ರಸ್ತೆ ಬೇಡ ಗುಂಡಾ, ಸುತ್ತಾದರೂ ಬೇರೆ ದಾರಿ ಹಿಡಿ. ಆಗಿನಿಂದ ನಿನಗೆ ಫೋನು ಮಾಡುತ್ತಲೇ ಇದ್ದೇನೆ, ನೀನು ಎತ್ತುತ್ತಿಲ್ಲ. ಗಾಡಿಯ ಮೇಲಿರಬೇಕು, ಗಾಡಿಯ ಮೇಲಿದ್ದರೆ ಎತ್ತಲೂ ಬೇಡ. ಈ ಕಾಗದ ನಿನ್ನ ಕೈ ಸೇರುವ ಮೊದಲೇ ನಿನ್ನ ದನಿ ಕೇಳಿರುತ್ತೇನೆ ಎಂದುಕೊಂಡೇ ಅಂಚೆಗೆ ಹಾಕುತ್ತಿದ್ದೇನೆ.