ಇವರನ್ನು ಹೆಣದ ವ್ಯಾನಿನಲ್ಲಿ ಕೂರಿಸಿದ್ದು

4, ಸೋಮವಾರ. ಬೆಳಿಗ್ಗೆ 5.30

ತೂಕ 60.2.

ಕೆಟ್ಟ ಕನಸು. ಇವರು ನಲ್ಲಿಗೆ ಬಾಯಿ ಹಚ್ಚಿ ಕುಡೀತಾನೇ ಇದ್ದರು. ನಲ್ಲಿ ತಿರುಗಿಸ್ತೀನಿ, ತಿರುಗಿಸ್ತೀನಿ — ನಿಲ್ಲಲ್ಲ. ಹೊಟ್ಟೆ ಕೊಡಪಾನದ ಹಾಗೆ ಉಬ್ಬಿತು. ಎದ್ದವಳೇ ಮೊದಲು ಇವರ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದೆ. ಕಣ್ಣು ಮುಚ್ಚಿಕೊಂಡೇ "ಇನ್ನೂ ಇದೀನಿ ಕಣೇ ಗಾಬರಿಯಮ್ಮ" ಅಂದರು.

ಈ ಪುಸ್ತಕ ನರ್ಸಮ್ಮ ಕೊಟ್ಟಿದ್ದು, ಇವರ ತೂಕ ಬರೆಯೋಕೆ. ಕಿಡ್ನಿ ಎರಡೂ ಕೈ ಎತ್ತಿವೆ. ಸೋಮವಾರ, ಗುರುವಾರ ಡಯಾಲಿಸಿಸ್. ಮಿಷನ್ನು ಮೈಯೊಳಗಿನ ನೀರು ತೆಗೆದ ಮೇಲೆ 58 ಇರಬೇಕು. 61 ದಾಟಿದರೆ ಫೋನ್ ಮಾಡಿ, ನೀರು ಎದೆಗೆ ಏರುತ್ತೆ ಅಂದಿದ್ದಾಳೆ. ನಾನು ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟು ಇಸ್ತ್ರಿ ಪೆಟ್ಟಿಗೆ ಹಿಡಿದವಳು. ಅಂಕೆ ಬರೆದ ಮೇಲೂ ಹಾಳೆಯಲ್ಲಿ ಜಾಗ ಉಳಿಯುತ್ತೆ. ಅಲ್ಲಿ ಹೆದರಿಕೆ ಬರೀತೀನಿ.

ಆಸ್ಪತ್ರೆಗೆ ಹೋಗೋ ನಮ್ಮ ಹಳೇ ಕಾರು ನೋಡಿ ಬಂದೆ. ಟೈರು, ಆಯಿಲ್ಲು, ರೇಡಿಯೇಟರ್ ಮುಚ್ಚಳ ಬಿಚ್ಚಿ ನೀರು. ಎರಡು ಸಲ. ಇವರಿಗೆ ನಗು — "ದಿನಾ ಅದರ ಬಾಯಿ ತೆರೆಸ್ತೀಯಲ್ಲ, ನೀನೇನು ಹಲ್ಲಿನ ಡಾಕ್ಟರಾ?"

7, ಗುರುವಾರ. ಆಸ್ಪತ್ರೆ, 10.40

ಅಕ್ಷರ ಸೊಟ್ಟ. ಇವರು ಒಳಗೆ ಮಿಷನ್ನಿನ ಪಕ್ಕ.

ಎಂಟಕ್ಕೆ ಟೈಮು ಕೊಟ್ಟಿದ್ದರು. ಏಳೂಕಾಲಿಗೆ ನಾನು ಕಾರು ಮೇಲ್ಸೇತುವೆ ಹತ್ತಿಸುವಾಗ ಬಿಸಿ ತೋರಿಸೋ ಮುಳ್ಳು ಕೆಂಪಿಗೆ ಹೋಯ್ತು. ಬಾನೆಟ್ಟಿಂದ ಬುಸ್ ಅಂತ ಹಬೆ. ಇಂಜಿನ್ ಗೊರ್ ಅಂತ ಸತ್ತಿತು. ಥೂ, ಆ ಮಾತು ಬರೀಬಾರದು. ನಿಂತಿತು.

ಕೈ ಬೀಸಿದೆ. ಒಬ್ಬರೂ ನಿಲ್ಲಲಿಲ್ಲ. ಟ್ಯಾಕ್ಸಿಯವನು ಬಂದೆ ಬಂದೆ ಅಂತ ಒಂದು ಗಂಟೆ ಕಾಯಿಸಿ ಕ್ಯಾನ್ಸಲ್ ಮಾಡಿದ. ಆಂಬುಲೆನ್ಸ್ ಯಾವುದೂ ಹತ್ತಿರ ಇಲ್ಲವಂತೆ. ಇವರ ಪಾದ ಬೆಳಿಗ್ಗೆಯೇ ಊದಿತ್ತು, ಚಪ್ಪಲಿ ಹಿಡಿಸ್ತಿರಲಿಲ್ಲ.

ಆಮೇಲೆ ಒಂದು ಕಪ್ಪು ವ್ಯಾನು ನಿಂತಿತು. ಪಕ್ಕದಲ್ಲಿ ಬರೆದಿದ್ದನ್ನ ಕೂಡಿಸಿ ಕೂಡಿಸಿ ಓದಿದೆ. ಹೆಣ ಸಾಗಿಸೋ ಗಾಡಿ!

"ಖಾಲಿ ಇದೆ ಅಕ್ಕಾ, ಈಗ ಇಳಿಸಿ ಬಂದೆ. ಹತ್ತಿ."

"ಬೇಡಪ್ಪಾ. ಜೀವ ಇರೋ ಮನುಷ್ಯ ಇವರು."

"ಕಾಣ್ತಿದೆಯಲ್ಲ. ಅದಕ್ಕೇ ಮುಂದಿನ ಸೀಟು ಕೊಡ್ತಿರೋದು."

ಇದಕ್ಕಿಂತ ಅಪಶಕುನ ಬೇಕಾ... ತಿರುಗಿ ನೋಡ್ತೀನಿ, ಇವರು ಆಗಲೇ ಬಾಗಿಲು ತೆಗೀತಿದ್ದಾರೆ!

"ಇದರಲ್ಲಿ ಮಾತಾಡ್ಕೊಂಡು ಹೋಗೋ ಮೊದಲನೇ ಗಿರಾಕಿ ನಾನೇನೋ?"

"ಹೂಂ ಸಾರ್. ವಾಪಸ್ ಬರೋ ಮೊದಲನೇ ಗಿರಾಕೀನೂ ನೀವೇ ಆಗಿ."

ಇಬ್ಬರೂ ನಕ್ಕರು. ನನಗೆ ಅಳು. ಹಿಂದೆ ಸ್ಟೀಲ್ ಹಲಗೆ ಪಕ್ಕ ಕೂತೆ. ಫಿನೈಲ್ ವಾಸನೆ. ಏನನ್ನೂ ಮುಟ್ಟಬಾರದು ಅಂತ ಕೈ ಮಡಿಲಲ್ಲಿ ಇಟ್ಟುಕೊಂಡೆ. ಮೊದಲನೇ ತಿರುವಿನಲ್ಲೇ ಹಲಗೆ ಹಿಡಿಯಬೇಕಾಯ್ತು. ದಾರಿಯುದ್ದಕ್ಕೂ ಜನ ಗಾಡಿ ಪಕ್ಕಕ್ಕೆ ಹಾಕಿ ದಾರಿ ಬಿಟ್ಟರು, ಒಬ್ಬ ಟೋಪಿ ತೆಗೆದ. ಕೈ ಬೀಸಿದಾಗ ನಿಲ್ಲದ ಜನ.

ಬಂದಾಗ ಹತ್ತು. ಹನ್ನೆರಡಕ್ಕೆ ಬೇರೆಯವರ ಸರದಿ. ನಾಲ್ಕು ಗಂಟೆ ಬದಲು ಎರಡೇ. "ಪೂರ್ತಿ ನೀರು ಹೋಗಲ್ಲ ಅಕ್ಕಾ, ಹುಷಾರು" ಅಂದಳು ನರ್ಸಮ್ಮ.

ವ್ಯಾನಿನವನು ದುಡ್ಡು ಮುಟ್ಟಲಿಲ್ಲ. ಚೀಟಿಯಲ್ಲಿ ನಂಬರ್ ಬರೆದುಕೊಟ್ಟ, ಬೇಕಾದರೆ ಕರೀರಿ ಅಂತ. ಅಂಥ ಗಾಡಿನ ಯಾರಾದರೂ ತಾವಾಗೇ ಕರೀತಾರಾ?

8, ಶುಕ್ರವಾರ

ತೂಕ 60.0. ನಿನ್ನೆ ಮಿಷನ್ನಿಗೆ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ.

ಕಾರು ಎಳೆದುಕೊಂಡು ಹೋದ ಗ್ಯಾರೇಜಿಗೆ ಹೋಗಿದ್ದೆ. ಮೆಕ್ಯಾನಿಕ್ ರೇಡಿಯೇಟರ್ ಮುಚ್ಚಳ ಎತ್ತಿ ತೋರಿಸಿದ. "ಬ್ಯಾಟರಿ ಪಕ್ಕ ಸಿಕ್ಕಿಕೊಂಡಿತ್ತು ಅಕ್ಕಾ. ಯಾವ ಪುಣ್ಯಾತ್ಮ ಬಿಚ್ಚಿದ್ದು? ನೀರೆಲ್ಲ ಕುದ್ದು ಹೋಗಿದೆ."

ನಾನೇ. ನಿನ್ನೆ ಹೊರಡೋ ಮೊದಲು ಮನಸ್ಸು ತಡೀದೆ ಮೂರನೇ ಸಲ ಬಿಚ್ಚಿದೆ. ಒಳಗೆ ಇವರು ಕೆಮ್ಮಿದರು. ಓಡಿದೆ. ಬಂದು ಬಾನೆಟ್ ಮುಚ್ಚಿದೆ, ಅಷ್ಟೇ.

ನೋಡದೇ ಇದ್ದಿದ್ದರೆ ಓಡ್ತಿತ್ತು.

ಏನಂತೆ ಅಂತ ಇವರು ಕೇಳಿದರು. "ಹಳೇ ಗಾಡಿ ಅಲ್ವಾ" ಅಂದೆ. ಮುಖ ನೋಡೋಕಾಗಲಿಲ್ಲ.

10, ಭಾನುವಾರ. ಬೆಳಿಗ್ಗೆ 6.10

ಮಲಗಿದರೆ ಉಸಿರು ಸಿಗ್ತಿಲ್ಲ. ಮೂರು ದಿಂಬು ಒರಗಿಸಿ ಕೂರಿಸಿದೀನಿ. ತುಟಿ ಬಣ್ಣ ಸರಿ ಇಲ್ಲ.

ಹೇಳಿಬಿಟ್ಟೆ. ಮುಚ್ಚಳ ಹಾಕದೇ ಬಿಟ್ಟಿದ್ದು ನಾನೇ, ನನ್ನಿಂದಲೇ ಇಷ್ಟೆಲ್ಲ ಅಂತ.

"ಗೊತ್ತು" ಅಂದರು. "ಮೆಕ್ಯಾನಿಕ್... ನಂಗೇ ಮೊದಲು... ಫೋನ್ ಮಾಡಿದ್ದ." ಉಸಿರು ಎಳೆದುಕೊಂಡು ಇನ್ನೂ ಏನೋ ಹೇಳೋಕೆ ಹೋದರು. ಸುಮ್ನಿರಿ ಅಂದೆ. "ನೀನು ನೋಡಿಕೊಂಡಿದ್ದಕ್ಕೇ... ಇಷ್ಟು ದಿನ..." ಅಂದರು. ಆಮೇಲೆ ಕೆಮ್ಮು.

ಆಂಬುಲೆನ್ಸಿಗೆ ಮುಕ್ಕಾಲು ಗಂಟೆ ಅಂದರು. ಚೀಟಿ ಹುಡುಕಿದೆ. ಕರೆದೆ. ಆ ಗಾಡಿನ ನಾನೇ ಕರೆದೆ. "ಹತ್ತು ನಿಮಿಷ ಅಕ್ಕಾ, ಬಾಗಿಲು ತೆಗೆದಿಟ್ಟಿರಿ" ಅಂದ. ಬರ್ತಾನೆ. ಬಂದೇ ಬರ್ತಾನೆ.

ನರ್ಸಮ್ಮನಿಗೂ ಫೋನ್ ಮಾಡಿದೆ. ತೂಕ ನೋಡಿ, ಬರ್ಕೊಂಡು ಹೇಳಿ ಅಂದಳು. ಫೋನ್ ಭುಜಕ್ಕೆ ಸಿಕ್ಕಿಸಿಕೊಂಡೇ ಬರೀತಿದೀನಿ.

64.8.

ಹೇಳಿದೆ. ಈಗ ಅಂತಿದ್ದಾಳೆ — "ಅಕ್ಕಾ, ನಿಮ್ಮ ಕೈ ಭಾರ ಬೀಳದ ಹಾಗೆ ನಿಲ್ಲಿಸಿ, ಇನ್ನೊಂದ್ಸಲ ನೋಡಿ ಹೇಳಿ, ಅರವತ್ತನಾಲ್ಕೇನಾ?" ಹೊರಗೆ ವ್ಯಾನಿನ ಹಾರ್ನ್, ಬಂದ.