ಕೇಳುಸ್ತಾ ಶಂಭು?

ನವೆಂಬರ್ 3, ಭಾನುವಾರ

ಇವತ್ತೂ ರಿಹರ್ಸಲ್. ತಿಪಟೂರಿನ ಕಾಲೇಜ್ ಹಾಲ್. ಡೈರೆಕ್ಟರ್ ಇಂಪನಾ ಮೇಡಂ ಮತ್ತೆ ವಿವರಿಸಿದರು — ಅಸಂಗತ ನಾಟಕ, ಟ್ರ್ಯಾಜಿಕಾಮಿಡಿ. ನಗುತ್ತಿರುವಾಗಲೇ ಗಂಟಲು ಕಟ್ಟಬೇಕಂತೆ. ಇಬ್ಬರು ಮುದುಕರು, ಅಟ್ಟದ ಮೇಲೆ. ಒಬ್ಬ ಕೂತಿರುತ್ತಾನೆ. ಇನ್ನೊಬ್ಬ ಅವನ ಬೆನ್ನ ಹಿಂದೆ ನಿಂತು ತೆಂಗಿನಕಾಯಿ ಅಲ್ಲಾಡಿಸಿ "ಕೇಳುಸ್ತಾ?" ಅನ್ನಬೇಕು; ಕಾಯಿ ಒಣಗಿದ್ದರೆ ಒಳಗಿನ ಕೊಬ್ಬರಿ ಸದ್ದು ಮಾಡುತ್ತದಲ್ಲ, ಆ ಸದ್ದು. ಕೂತವನದು ಒಂದೇ ಉತ್ತರ: "ಇಲ್ಲ ಕಣ್ಲಾ, ಇನ್ನೂ ಒಣಗಿಲ್ಲ." ಕಡೆತನಕ ಇಷ್ಟೇ. ಕೂತವನು ಶಂಭುಲಿಂಗಯ್ಯ, ನಿಂತವನು ನಾನು. ಹುಟ್ಟಿದಾಗಿನಿಂದ ಕೊಬ್ಬರಿ ವ್ಯಾಪಾರ ನೋಡಿದವನಿಗೆ ಇದಕ್ಕೆ ಆ್ಯಕ್ಟಿಂಗ್ ಯಾಕೆ ಬೇಕು? ಆದರೂ ಶಂಭು ತಡವಾಗಿ ಹೇಳುತ್ತಾನೆ. ಕೆಲವು ಸಲ ಹೇಳುವುದೇ ಇಲ್ಲ.

ನವೆಂಬರ್ 7

ಶಂಭು ಜಾಗಕ್ಕೆ ಬೇರೆಯವರನ್ನು ಹಾಕೋಣ ಅಂದರು ಮೇಡಂ. ಅವನಿಲ್ಲದಿದ್ದರೆ ನಾನೂ ಇಲ್ಲ ಅಂದೆ. ಒಂದೇ ಬೆಂಚಿನಲ್ಲಿ ಕೂತು ಓದಿದವನನ್ನು ಬಿಟ್ಟು ಸ್ಟೇಜ್ ಹತ್ತಲೇ? ಹೊರಗೆ ಬಂದು ಶಂಭುವಿಗೆ ಬೈದೆ. ನನ್ನ ಬಾಯನ್ನೇ ನೋಡುತ್ತಾ ನಗುತ್ತಿದ್ದ, ಭಂಡ. ಸ್ಟೇಜ್ ಮೇಲೆ ಪ್ರಶ್ನೆ ಕೇಳಿದಾಗಲೆಲ್ಲ ನಾನು ಅವನ ಭುಜ ತಟ್ಟಬೇಕು ಅಂತ ಒಪ್ಪಂದ ಆಗಿದೆ.

ನವೆಂಬರ್ 11, ಬೆಳಿಗ್ಗೆ

ನಿನ್ನೆ ಶೋ.

ರಿಹರ್ಸಲ್‌ಗೆ ಹಸಿಕಾಯಿ ಇತ್ತು. ಜನ ನೋಡುತ್ತಾರಲ್ಲ, ಒಳ್ಳೆಯದೇ ಇರಲಿ ಅಂತ ನಮ್ಮ ಅಟ್ಟದಿಂದ ಆರಿಸಿ ಒಯ್ದೆ. ಬುದ್ಧಿ ಬೇಡವೇ ನನಗೆ? ವರ್ಷ ಒಣಗಿದ ಕಾಯಿ. ಅಲ್ಲಾಡಿಸಿದ್ದೇ ತಡ, ಒಳಗಿನ ಕೊಬ್ಬರಿ ಮೈಕಿನಲ್ಲಿ ಗಡಗಡ ಅಂದಿತು. ಎದುರಿಗೆ ಕೂತವರೆಲ್ಲ ತೆಂಗಿನವರೇ. ಗಾಬರಿಯಲ್ಲಿ ಭುಜ ತಟ್ಟಿಬಿಟ್ಟೆ.

"ಇಲ್ಲ ಕಣ್ಲಾ, ಇನ್ನೂ ಒಣಗಿಲ್ಲ."

ಹಾಲ್ ಬಿದ್ದು ಬಿದ್ದು ನಕ್ಕಿತು. ಮತ್ತೆ ಅವನ ಕಿವಿಯ ಪಕ್ಕಕ್ಕೇ ಹಿಡಿದು ಅಲ್ಲಾಡಿಸಿದೆ. ತಿರುಗಲಿಲ್ಲ. ಜನ ನಗುವುದನ್ನು ನೋಡಿ ತಾನೂ ಖುಷಿಯಾಗಿ ನಕ್ಕ… ಶಂಭುವಿಗೆ ಕೇಳಿಸುತ್ತಿಲ್ಲ. ಕಾಯಿಯನ್ನು ಎದೆಗೆ ಒತ್ತಿ ಅದರ ಸದ್ದು ಅಡಗಿಸಿದೆ.

ಆಮೇಲೆ ಮೇಡಂ ಓಡಿ ಬಂದು ಕೈ ಹಿಡಿದುಕೊಂಡರು. ಟ್ರ್ಯಾಜಿಕಾಮಿಡಿ ಅಂದ್ರೆ ಇದೇ ಸಾರ್ ಅಂದರು.

ನವೆಂಬರ್ 15

ಅವನ ಮುಖ ನೋಡುವ ಧೈರ್ಯ ಇವತ್ತು ಬಂತು. ಬಿಳಿಗೆರೆಯ ಅವನ ಮನೆಗೆ ಹೋದೆ. ಅಟ್ಟದ ಮೇಲೆ ಅಲ್ಲಾಡಿಸಿ ಅಲ್ಲಾಡಿಸಿ ಕಾಯಿ ಆರಿಸುತ್ತಿದ್ದ. ನನಗೆ ಗೊತ್ತಾಗಿದೆ ಅನ್ನುವುದು ನೋಡಿದ ಕೂಡಲೇ ತಿಳಿಯಿತು ಅವನಿಗೆ.

"ಯಾರ್ಗೂ ಹೇಳ್ಬ್ಯಾಡ ಲಕ್ಕಯ್ಯ. ಕಿವಿ ಹೋದೋನು ಆರಿಸಿದ್ ಕಾಯ್ನ ಯಾರ್ಲಾ ನಂಬ್ತಾರೆ?"

ಪಕ್ಕದಲ್ಲಿ ಕೂತೆ. ಒಂದು ಕಾಯಿ ನನ್ನ ಕಿವಿಗೆ ಹಿಡಿದು ಅಲ್ಲಾಡಿಸಿದ.

"ಕೇಳುಸ್ತಾ?"

ನನ್ನ ಬಾಯಿ ಅವನಿಗೆ ಕಾಣುವ ಹಾಗೆ ತಿರುಗಿ, ಕೇಳಿಸಿತು ಅಂದೆ. ಒಣಗಿದ್ದು ಈ ಕಡೆ, ಉಳಿದದ್ದು ಆ ಕಡೆ. ಹೀಗೇ ಒಂದು ಮೂಲೆ ಮುಗಿಯಿತು. ನಾಳೆಯಿಂದ ದಿನಾ ಹೋಗಬೇಕು.

ಕೆಳಗಿನಿಂದ ಅವನ ಹೆಂಡತಿ ಗುರುಸಿದ್ದಮ್ಮ ಕಾಫಿಗೆ ಕೂಗಿದರು. ಅವನು ಕಾಯಿ ಅಲ್ಲಾಡಿಸುತ್ತಲೇ ಇದ್ದ. ಅವರು ಮತ್ತೆ ಕೂಗಿದರು. ನಾನೂ ಕೇಳಿಸದವನ ಹಾಗೆ ಇನ್ನೊಂದು ಕಾಯಿ ಎತ್ತಿಕೊಂಡೆ.